ಮುಚ್ಚಿದ ಪೆಟ್ರೋಲ್ ಬಂಕ್, ಪಕ್ಕದ ಬಾವಿ: ನಾವು ತಿಳಿದಿರಬೇಕಾದ ವಿಷಯ



ಬಾವಿ ನೀರು ಕೆಟ್ಟರೆ ಮೊದಲು ಗೊತ್ತಾಗುವುದು ಯಾರಿಗೆ? ದಿನಾ ಕೊಡಪಾನ ತುಂಬಿಸುವ ನಮಗೇ ತಾನೇ? ಕೆಸರಾದರೆ ಕಣ್ಣಿಗೆ ಕಾಣುತ್ತದೆ, ಉಪ್ಪಾದರೆ ನಾಲಿಗೆಗೆ ತಿಳಿಯುತ್ತದೆ. ಆದರೆ ನೆಲದೊಳಗಿನ ಟ್ಯಾಂಕಿನಿಂದ ಸೋರಿದ ಪೆಟ್ರೋಲ್ ನೀರಿಗೆ ಸೇರಿದರೆ ಕಣ್ಣು, ಮೂಗು, ನಾಲಿಗೆ ಯಾವುದನ್ನೂ ಪೂರ್ತಿ ನಂಬುವ ಹಾಗಿಲ್ಲ. ಅದಕ್ಕೆ ಬೇರೆಯೇ ಕಾವಲು ಬೇಕು.

ಬಂಕ್ ಮುಚ್ಚಿದರೂ ಅಪಾಯ ಮುಚ್ಚುವುದಿಲ್ಲ

ಪೆಟ್ರೋಲ್ ಬಂಕ್‌ನ ಟ್ಯಾಂಕ್ ನೆಲದೊಳಗೆ ಇರುತ್ತದೆ. ಹಳೆಯ ಕಾಲದ ಟ್ಯಾಂಕ್‌ಗಳು ಬರೇ ಉಕ್ಕಿನವು. ಮಣ್ಣಿನ ತೇವಕ್ಕೆ ತುಕ್ಕು ಹಿಡಿದು ಸೂಜಿ ಮೊನೆಯಷ್ಟು ತೂತು ಬಿದ್ದರೂ ಮೇಲೆ ನಿಂತವರಿಗೆ ತಿಳಿಯುವುದಿಲ್ಲ. "ಹನಿ ಹನಿ ಗೂಡಿದರೆ ಹಳ್ಳ" ಎಂದು ನಾವು ಉಳಿತಾಯಕ್ಕೆ ಹೇಳುತ್ತೇವಲ್ಲ, ಸೋರಿಕೆಗೂ ಅದೇ ಲೆಕ್ಕ. ಸೆಕೆಂಡಿಗೆ ಒಂದು ಹನಿ ಎಂದರೂ ದಿನಕ್ಕೆ ಸುಮಾರು 4 ಲೀಟರ್, ವರ್ಷಕ್ಕೆ ಸುಮಾರು 1,500 ಲೀಟರ್ ಆಗುತ್ತದೆ.

ಪೆಟ್ರೋಲ್ ನೀರಿಗಿಂತ ಹಗುರ. ಅಂತರ್ಜಲದ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ನೀರು ಮೇಲೇರಿ, ಬೇಸಿಗೆಯಲ್ಲಿ ಕೆಳಗಿಳಿಯುವಾಗ ಅದು ಮಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ. ಟ್ಯಾಂಕ್ ಕಿತ್ತು ತೆಗೆದರೂ ಆ ಮಣ್ಣಿನಿಂದ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ನೀರಿಗೆ ಕರಗುತ್ತಾ ಇರುತ್ತದೆ.

ಮೂಗು ಸಾಲದು ಯಾಕೆ?

ಹೀಗೆ ಕರಗುವುದರಲ್ಲಿ ಮುಖ್ಯವಾದದ್ದು ಬೆಂಜೀನ್. ಇದು ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಬೆಂಜೀನ್ ಒಂದೇ ಇದ್ದರೆ ಅದರ ವಾಸನೆ ಮೂಗಿಗೆ ತಿಳಿಯುವುದು ಲೀಟರಿಗೆ ಸುಮಾರು 10 ಮಿಲಿಗ್ರಾಂ ಆದಾಗ. ಅಂದರೆ ಮಿತಿಯ ಸಾವಿರ ಪಟ್ಟು! ಪೆಟ್ರೋಲಿನ ಬೇರೆ ಅಂಶಗಳ ವಾಸನೆ ಬೇಗ ಬರಬಹುದು. ಹಾಗೆ ಬಂದರೆ ನಂಬಿ. ಆದರೆ ವಾಸನೆ ಇಲ್ಲ ಎಂದು ನೀರು ಒಳ್ಳೆಯದೆಂದು ತೀರ್ಮಾನಿಸಬೇಡಿ.

"ಕುದಿಸಿದರೆ ಸರಿ ಹೋಗುತ್ತದಲ್ಲಾ?" ಎಂದು ಕೇಳಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಬೆಂಜೀನ್ ಹಬೆಯ ಜೊತೆ ಅಡುಗೆಮನೆಯ ಗಾಳಿಗೆ ಸೇರಿ ನಮ್ಮ ಉಸಿರಿಗೇ ಬರುತ್ತದೆ. ಬ್ಲೀಚಿಂಗ್ ಪೌಡರ್‌ನಿಂದಲೂ ಬಟ್ಟೆಯಲ್ಲಿ ಸೋಸುವುದರಿಂದಲೂ ಇದು ಹೋಗುವುದಿಲ್ಲ.

ಒಂದು ಊರಿನ ಕಥೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಂತಾ ಮೋನಿಕಾ ಎಂಬ ಪಟ್ಟಣ ಇದೆ. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಟ್ಯಾಂಕ್‌ಗಳಿಂದ ಸೋರಿ ಅಲ್ಲಿನ ಕುಡಿಯುವ ನೀರಿನ ಬಾವಿಗಳಿಗೆ ಸೇರಿತು. 1996ರಲ್ಲಿ ಬಾವಿಗಳನ್ನು ಮುಚ್ಚಬೇಕಾಯಿತು. ಪಟ್ಟಣದ ಸುಮಾರು ಅರ್ಧ ನೀರು ಹೋಯಿತು, ಹೊರಗಿನಿಂದ ನೀರು ಕೊಳ್ಳುವ ಪರಿಸ್ಥಿತಿ ಬಂತು. ಮುಖ್ಯ ಬಾವಿಗಳ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸಲು ಸುಮಾರು 14 ವರ್ಷ ಹಿಡಿಯಿತು. ಹಣ, ತಂತ್ರಜ್ಞಾನ ಎಲ್ಲಾ ಇದ್ದ ಊರಿಗೇ ಹೀಗಾದರೆ, ಒಂದೇ ಬಾವಿ ನಂಬಿದ ಹತ್ತು ಮನೆಗಳ ಗತಿ ಏನು?

ಕಾವಲು ಬಾವಿ ಎಂದರೇನು?

ಟ್ಯಾಂಕ್ ಇದ್ದ ಜಾಗದ ಸುತ್ತ ಸಣ್ಣ ಕೊಳವೆ ಬಾವಿಗಳನ್ನು ಕೊರೆಯುತ್ತಾರೆ. ಇವು ನೀರು ಕುಡಿಯಲಿಕ್ಕಲ್ಲ, ಕಾವಲಿಗೆ. ಕಡಿಮೆ ಎಂದರೂ 3 ಬೇಕು. ಮೂರರಲ್ಲೂ ನೀರಿನ ಮಟ್ಟ ಅಳೆದರೆ ಅಂತರ್ಜಲ ಯಾವ ಕಡೆಗೆ ಹರಿಯುತ್ತದೆಂದು ತಿಳಿಯುತ್ತದೆ. ಹರಿವಿನ ಮೇಲ್ಭಾಗದ ನೀರು ಮತ್ತು ಕೆಳಭಾಗದ ನೀರನ್ನು ಹೋಲಿಸಿ ನೋಡಿದರೆ ಕೊಳೆ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.

ಮಾದರಿ ನೀರನ್ನು ಗಾಜಿನ ಸಣ್ಣ ಸೀಸೆಯಲ್ಲಿ, ಒಂದು ಗುಳ್ಳೆಯೂ ಇಲ್ಲದಂತೆ ತುಂಬಿಸಿ, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯಬೇಕು. ಇಲ್ಲವಾದರೆ ಬೆಂಜೀನ್ ದಾರಿಯಲ್ಲೇ ಹಾರಿ ಹೋಗಿ "ನೀರು ಚೆನ್ನಾಗಿದೆ" ಎಂಬ ಸುಳ್ಳು ವರದಿ ಬರುತ್ತದೆ.

ಪರೀಕ್ಷೆ ಒಮ್ಮೆ ಮಾಡಿದರೆ ಮುಗಿಯಲಿಲ್ಲ. ಮಳೆಗಾಲದಲ್ಲೂ ಬೇಸಿಗೆಯಲ್ಲೂ, ಕೆಲವು ವರ್ಷ ಮಾಡುತ್ತಿರಬೇಕು. ಮಣ್ಣಿನ ಸೂಕ್ಷ್ಮಜೀವಿಗಳು ಬೆಂಜೀನನ್ನು ತಿಂದು ಕರಗಿಸುವುದೂ ಉಂಟು. ಕೊಳೆ ಕಡಿಮೆಯಾಗುತ್ತಿದೆಯೋ, ನಮ್ಮ ಬಾವಿ ಕಡೆಗೆ ಬರುತ್ತಿದೆಯೋ ಎಂಬುದು ಪದೇ ಪದೇ ನೋಡಿದರೆ ಮಾತ್ರ ತಿಳಿಯುತ್ತದೆ.

ನಮ್ಮ ಸಂಘ ಏನು ಮಾಡಬಹುದು?

1. ನಮ್ಮ ಊರಲ್ಲಿ ಈಗಿನ ಮತ್ತು ಮುಚ್ಚಿದ ಬಂಕ್, ಡೀಸೆಲ್ ಟ್ಯಾಂಕ್ ಇದ್ದ ಗ್ಯಾರೇಜು ಎಲ್ಲಿವೆ ಎಂದು ಹಿರಿಯರನ್ನು ಕೇಳಿ ಪಟ್ಟಿ ಮಾಡೋಣ. ಹತ್ತಿರದ ಬಾವಿಗಳ ದೂರ ಅಳೆದು ಬರೆಯೋಣ. 2020ರ ಕೇಂದ್ರ ಮಾರ್ಗಸೂಚಿಯಂತೆ ಹೊಸ ಬಂಕ್ ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು. ಜಾಗದ ತೊಡಕಿದ್ದರೂ 30 ಮೀಟರ್‌ಗಿಂತ ಹತ್ತಿರ ಬರಬಾರದು. ಹಳೆಯ ಬಂಕ್‌ಗಳು ಈ ನಿಯಮಕ್ಕೆ ಮೊದಲೇ ಬಂದವು ಎಂಬುದು ನೆನಪಿರಲಿ.

2. ಉಳಿತಾಯದ ಪುಸ್ತಕದಂತೆ ಬಾವಿಗೂ ಒಂದು ಪುಸ್ತಕ ಇಡೋಣ. ತಿಂಗಳಿಗೊಮ್ಮೆ ದಿನಾಂಕ, ನೀರಿನ ಮಟ್ಟ, ವಾಸನೆ, ಮೇಲೆ ಎಣ್ಣೆಯ ಬಣ್ಣದ ಪೊರೆ ಇದೆಯೇ ಎಂದು ಬರೆಯೋಣ.

3. ಸಂಶಯ ಬಂದರೆ ಗ್ರಾಮ ಪಂಚಾಯತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಸಂಘದ ಲೆಟರ್‌ಹೆಡ್‌ನಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯೋಣ. "ನೀರು ಪರೀಕ್ಷೆ ಮಾಡಿ" ಎಂದರೆ ಸಾಲದು. "ಬೆಂಜೀನ್ ಮತ್ತು ಪೆಟ್ರೋಲ್ ಅಂಶಕ್ಕೆ ಪರೀಕ್ಷಿಸಿ" ಎಂದೇ ಬರೆಯಬೇಕು. ಪಂಚಾಯತಿಯ ಸಾಮಾನ್ಯ ಕಿಟ್‌ನಲ್ಲಿ ಇದು ತಿಳಿಯುವುದಿಲ್ಲ.

4. ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಆ ನೀರನ್ನು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸಬೇಡಿ. ಬಾವಿಗೆ ಇಳಿಯಬೇಡಿ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ, ಪಂಪ್ ಹಾಕಬೇಡಿ. ಅಗ್ನಿಶಾಮಕ ಠಾಣೆಗೆ ತಿಳಿಸಿ.

ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲಿ ನೆನಪಿಸಿದ್ದರು. ಆ ಹಕ್ಕು ಕೇಳಲು ನಮ್ಮ ಕೈಯಲ್ಲಿ ದಾಖಲೆ ಇರಬೇಕು. ಮುಂದಿನ ವಾರದ ಸಭೆಯಲ್ಲೇ ಇದನ್ನು ಚರ್ಚೆಗೆ ತೆಗೆದುಕೊಂಡು, ಬಾವಿಯ ಪುಸ್ತಕದ ಮೊದಲ ಪುಟ ಬರೆಯೋಣ.