ಕೊಡಚಾದ್ರಿಯ ತುದಿಯಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆಯೇ?

ಕೊಲ್ಲೂರಿಗೆ ಹೋದವರಲ್ಲಿ ಅನೇಕರು ಕೊಡಚಾದ್ರಿಗೂ ಹೋಗುತ್ತಾರೆ. ಮೂಲಮೂಕಾಂಬಿಕೆ ಗುಡಿಯ ಹತ್ತಿರದವರೆಗೆ ಜೀಪು, ಅಲ್ಲಿಂದ ಸರ್ವಜ್ಞಪೀಠಕ್ಕೆ ಕಾಲ್ನಡಿಗೆ. ಸೂರ್ಯ ಅರಬ್ಬೀ ಸಮುದ್ರಕ್ಕೆ ಇಳಿಯುವುದನ್ನು ಮೇಲಿನಿಂದ ನೋಡಬೇಕೆಂಬುದು ಹಲವರ ಆಸೆ. "ಬೆಟ್ಟದ ಮೇಲೆ ಸೂರ್ಯ ತಡವಾಗಿ ಮುಳುಗುತ್ತಾನೆ, ಇಳಿಯಲು ಬೇಕಾದಷ್ಟು ಬೆಳಕಿರುತ್ತದೆ" ಎಂದು ಧೈರ್ಯ ಹೇಳುವವರೂ ಸಿಗುತ್ತಾರೆ. ಈ ಮಾತಿನ ಮೊದಲ ಅರ್ಧ ನಿಜ. ಎರಡನೆಯ ಅರ್ಧ ತಪ್ಪು.

ಭೂಮಿ ದುಂಡಗಿರುವುದರಿಂದ ಎತ್ತರ ಹೆಚ್ಚಿದಂತೆ ನಮಗೆ ಕಾಣುವ ಬಾನಂಚು ದೂರ ಸರಿಯುತ್ತದೆ. ಎಷ್ಟು ದೂರ ಎಂದು ತಿಳಿಯಲು ಸುಲಭದ ಲೆಕ್ಕವಿದೆ: ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಉತ್ತರ ಬರುತ್ತದೆ. ಕೊಡಚಾದ್ರಿಯ ಎತ್ತರ 1343 ಮೀಟರ್; ಬಾನಂಚು ಸುಮಾರು 130 ಕಿ.ಮೀ. ಆಚೆಗಿದೆ. ಬೈಂದೂರಿನ ಕಡಲತೀರ ಇಲ್ಲಿಂದ ನೇರ ಗೆರೆಯಲ್ಲಿ 30 ಕಿ.ಮೀ. ಕೂಡ ಇಲ್ಲ. ಆದ್ದರಿಂದ ಕಡಲು ಕಾಣಲೇಬೇಕು. ಎಷ್ಟೋ ದಿನ ಕಾಣದಿರುವುದಕ್ಕೆ ಕಾರಣ ದೂರವಲ್ಲ, ನಡುವೆ ಗಾಳಿಯಲ್ಲಿ ತುಂಬಿರುವ ತೇವ ಮತ್ತು ದೂಳು.

ಬಾನಂಚು ದೂರ ಸರಿಯುವುದಷ್ಟೇ ಅಲ್ಲ, ನಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗೂ ಇಳಿಯುತ್ತದೆ. ಇಲ್ಲಿ ಆ ಇಳಿತ ಒಂದು ಡಿಗ್ರಿಗಿಂತ ತುಸು ಹೆಚ್ಚು. ಆಕಾಶದಲ್ಲಿ ಸೂರ್ಯ ಒಂದು ಡಿಗ್ರಿ ಸರಿಯಲು 4 ನಿಮಿಷ ಬೇಕು. ಹಾಗಾಗಿ ಕಡಲತೀರದಲ್ಲಿ ನಿಂತವರಿಗೆ ಸೂರ್ಯ ಮುಳುಗಿದ ಮೇಲೂ ತುದಿಯಲ್ಲಿರುವವರಿಗೆ ಸುಮಾರು 5 ನಿಮಿಷ ಕಾಣುತ್ತಲೇ ಇರುತ್ತಾನೆ. ದುಬೈನ ಬುರ್ಜ್ ಖಲೀಫಾದ ಮೇಲಿನ ಮಹಡಿಗಳಲ್ಲಿರುವವರು ರಂಜಾನ್ ಉಪವಾಸವನ್ನು ಎರಡು-ಮೂರು ನಿಮಿಷ ತಡವಾಗಿ ಬಿಡಬೇಕೆಂದು ಅಲ್ಲಿನ ಧರ್ಮಗುರುಗಳು 2011ರಲ್ಲಿ ಹೇಳಿದ್ದರ ಹಿಂದಿನ ಕಾರಣವೂ ಇದೇ.

ಇನ್ನು ಕತ್ತಲೆಯ ವಿಷಯ. ಸೂರ್ಯ ಮುಳುಗಿದ ಮೇಲೂ ಉಳಿಯುವ ಸಂಜೆಬೆಳಕು ಸೂರ್ಯ ಆರು ಡಿಗ್ರಿ ಕೆಳಗಿಳಿಯುವವರೆಗೆ ಮಾತ್ರ ನಡೆಯಲು ಸಾಕಾಗುತ್ತದೆ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಹಾಗಾಗಿ ನಮಗೆ ಸಿಗುವುದು ಸುಮಾರು 22 ನಿಮಿಷ. ಬೆಟ್ಟ ಹತ್ತಿದ ಮಾತ್ರಕ್ಕೆ ಈ ಗಡುವು ಮುಂದಕ್ಕೆ ಹೋಗುವುದಿಲ್ಲ. ತುದಿಯಲ್ಲಿ ನಾವು ಹೆಚ್ಚುವರಿಯಾಗಿ ಸೂರ್ಯನನ್ನು ನೋಡಿದ ಆ 5 ನಿಮಿಷ ಇದರಲ್ಲೇ ಕಳೆಯುತ್ತದೆ. ಡಿಸೆಂಬರ್ ಆರಂಭದಲ್ಲಿ ಕಡಲತೀರದಲ್ಲಿ ಸೂರ್ಯಾಸ್ತ ಸುಮಾರು 6 ಗಂಟೆಗೆ, ತುದಿಯಲ್ಲಿ 6.05ರ ಹೊತ್ತಿಗೆ, ಕತ್ತಲು 6.22ಕ್ಕೆ. ಕೈಯಲ್ಲಿ ಉಳಿದದ್ದು 17 ನಿಮಿಷ. ಅಷ್ಟರಲ್ಲಿ ಸರ್ವಜ್ಞಪೀಠದಿಂದ ಜೀಪು ನಿಲ್ಲುವ ಜಾಗ ತಲುಪುವುದು ಗಟ್ಟಿ ಕಾಲಿನವರಿಗೂ ಕಷ್ಟ. ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಕೇಳುವುದೇ ಬೇಡ.

ಇದೂ ಬಯಲಿನ ಲೆಕ್ಕ. ದಟ್ಟ ನಿತ್ಯಹಸಿರು ಕಾಡಿನ ನೆಲಕ್ಕೆ ಹಗಲಲ್ಲೇ ನೂರರಲ್ಲಿ ಒಂದೆರಡು ಪಾಲು ಬೆಳಕು ಬೀಳುತ್ತದೆ. ಹುಲ್ಲುಗಾವಲಿನಲ್ಲಿ ದಾರಿ ಚೆನ್ನಾಗಿ ಕಾಣುತ್ತಿದ್ದರೂ ಮರಗಳ ನಡುವೆ ಹೊಕ್ಕೊಡನೆ ಕಾಲಡಿಯ ಬೇರು ಕಾಣುವುದಿಲ್ಲ. ಉರಿಯುವ ಸೂರ್ಯನನ್ನೂ ಮೊಬೈಲ್ ಪರದೆಯನ್ನೂ ನೋಡುತ್ತಿದ್ದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಕೇಳುತ್ತದೆ.

ಕಾಲಿನ ಕಥೆಯೂ ಬೇರೆಯಲ್ಲ. ಹತ್ತುವಾಗ ಏದುಸಿರು ಬರುತ್ತದೆ, ಆದರೆ ಸ್ನಾಯುಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಯುವಾಗ. ಮೈಭಾರ ತಡೆಯುತ್ತಾ ತೊಡೆಯ ಸ್ನಾಯು ಹಿಗ್ಗಬೇಕಾಗುತ್ತದೆ. ಕಾಲು ನಡುಗುವುದು, ಎರಡು ದಿನ ಮೆಟ್ಟಿಲಿಳಿಯಲು ಆಗದಿರುವುದು ಇದರಿಂದಲೇ.

ಸೂರ್ಯಾಸ್ತ ನೋಡಲೇಬೇಕೆಂದಿದ್ದರೆ ಜೀಪು ನಿಲ್ಲುವ ಜಾಗದ ಹತ್ತಿರವೇ ಪಡುವಣಕ್ಕೆ ತೆರೆದ ಜಾಗ ಹುಡುಕಿಕೊಳ್ಳುವುದು ಮೇಲು. ತುದಿಗೆ ಮಧ್ಯಾಹ್ನವೇ ಹೋಗಿ ಬನ್ನಿ. ಹಣೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಲಿ, ಆಗ ಎರಡೂ ಕೈ ಖಾಲಿ ಇರುತ್ತವೆ. ಅರಣ್ಯ ಇಲಾಖೆಯವರು ಕೆಳಗಿಳಿಯಲು ಹೇಳುವ ಹೊತ್ತು ಸೂರ್ಯಾಸ್ತಕ್ಕೆ ಮುಂಚೆಯೇ ಇದ್ದರೆ, ಅವರೊಡನೆ ವಾದಿಸುವ ಮುನ್ನ ಆ 17 ನಿಮಿಷ ನೆನಪಿರಲಿ.