ವ್ಯಾನು ದೋಣಿಯಾಗಬಲ್ಲುದೆ?

ಮಳೆಗಾಲದಲ್ಲಿ ಬಂಟ್ವಾಳದ ದಡದಲ್ಲಿ ನಿಂತು ನೇತ್ರಾವತಿಯ ಕೆಂಪು ಪ್ರವಾಹವನ್ನು ಕಂಡವರು ಅದನ್ನು ಬೇಗನೆ ಮರೆಯಲಾರರು. 1974ರ ನೆರೆಯಲ್ಲಿ ಈ ನದಿಯು ಬಂಟ್ವಾಳದ ಪೇಟೆಯೊಳಕ್ಕೇ ನುಗ್ಗಿತ್ತು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ತಪ್ಪಲಿನ ಊರುಗಳೂ ನೆರೆಯ ಪಾಲಾದುವು. ಇಂಥ ಸೀಮೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಒಂದು ಯೋಚನೆ ಹೊಳೆಯುವುದು ಸಹಜ: ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಬಂಟ್ವಾಳಕ್ಕೆ ಬಂದ ವ್ಯಾನು, ಸೇತುವೆಯ ಹಂಗಿಲ್ಲದೆ, ನೇರವಾಗಿ ನೀರಿಗಿಳಿದು ಪಾಣೆಮಂಗಳೂರಿನ ದಡವನ್ನು ಏಕೆ ಏರಬಾರದು? ಮನೆಯಂಗಳದಲ್ಲಿಯೇ ಅದನ್ನು ಉಭಯಚರ ವಾಹನವಾಗಿ ಮಾರ್ಪಡಿಸಲಾಗದೆ? ನಾವು ಈ ಯೋಚನೆಯನ್ನು ನಕ್ಕು ತಳ್ಳಿಹಾಕದೆ ಲೆಕ್ಕಕ್ಕೆ ಹಚ್ಚಿ ನೋಡೋಣ.

ತೇಲುವುದು ಸುಲಭ

ನಮ್ಮ ಊರುಗಳಿಗೆ ಚಿರಪರಿಚಿತವಾದ ಮಾರುತಿ ಓಮ್ನಿಯನ್ನೇ ತೆಗೆದುಕೊಳ್ಳೋಣ. ಅದರ ಉದ್ದ ಸುಮಾರು 3.3 ಮೀಟರು, ಅಗಲ 1.4 ಮೀಟರು. ಬರಿಯ ಬಂಡಿಯ ತೂಕ 800 ಕಿಲೋಗ್ರಾಮಿನ ಆಸುಪಾಸು. ಐದು ಮಂದಿಯನ್ನೂ ಅವರ ಸಾಮಾನನ್ನೂ ಸೇರಿಸಿ 1200 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಆರ್ಕಿಮಿಡೀಸನ ತತ್ತ್ವದಂತೆ, ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಒಂದು ಘನಮೀಟರು ನೀರಿನ ತೂಕ 1000 ಕಿಲೋಗ್ರಾಂ. ನಮಗೆ ಬೇಕಾದುದು 1.2 ಘನಮೀಟರು. ಬಂಡಿಯ ತಳದ ವಿಸ್ತಾರ ಸುಮಾರು 4.6 ಚದರ ಮೀಟರು. ಭಾಗಿಸಿದರೆ ಉತ್ತರ 26 ಸೆಂಟಿಮೀಟರು! ನೀರು ಒಳಗೆ ನುಗ್ಗದಿದ್ದರೆ, ತಳವು ಇಷ್ಟು ಮುಳುಗುವಷ್ಟರಲ್ಲಿ ವ್ಯಾನು ನೆಲವನ್ನು ಬಿಟ್ಟು ಮೇಲೇಳುತ್ತದೆ.

ಈ ಉತ್ತರದಲ್ಲಿ ಸಂತೋಷದಷ್ಟೇ ಎಚ್ಚರಿಕೆಯೂ ಅಡಗಿದೆ. ನೆಲದಿಂದ ಬಂಡಿಯ ತಳಕ್ಕೆ 16-17 ಸೆಂಟಿಮೀಟರಿನ ಅಂತರವಿದೆ. ಎಂದರೆ ರಸ್ತೆಯ ಮೇಲೆ ಮೊಣಕಾಲಿನ ಮಟ್ಟದ ನೀರು ಹರಿಯುತ್ತಿದ್ದರೆ ಸಾಕು. ಅದಕ್ಕೂ ಮೊದಲೇ, ತಳ 13 ಸೆಂಟಿಮೀಟರು ಮುಳುಗಿದಾಗ, ಚಕ್ರಗಳ ಮೇಲಿನ ಭಾರವು ಅರ್ಧಕ್ಕಿಳಿದು ರಸ್ತೆಯ ಮೇಲಿನ ಹಿಡಿತವೂ ಅರ್ಧವಾಗಿರುತ್ತದೆ. ಪಕ್ಕದಿಂದ ನೂಕುವ ಪ್ರವಾಹವಾದರೋ ವೇಗ ಎರಡು ಪಟ್ಟಾದಾಗ ನಾಲ್ಕು ಪಟ್ಟು ಬಲದಿಂದ ನೂಕುತ್ತದೆ. ನೆರೆಯಲ್ಲಿ ಬಂಡಿಗಳು ಕೊಚ್ಚಿಹೋಗುವುದು ಮುಳುಗಿದ್ದರಿಂದಲ್ಲ, ತೇಲತೊಡಗಿದ್ದರಿಂದ.

ರಂಧ್ರಗಳ ಪ್ರಶ್ನೆ

ಹಾಗಾದರೆ ಕಷ್ಟವಿರುವುದು ಎಲ್ಲಿ? ಮೊದಲನೆಯದು ರಂಧ್ರಗಳಲ್ಲಿ. ಬಾಗಿಲಿನ ಸಂದುಗಳನ್ನು ಬೆಸೆದು ಮುಚ್ಚಬಹುದು. ಆದರೆ ತಿರುಗುವ ದಂಡವು ಹೊರಬರುವ ತೂತನ್ನು ಬೆಸೆಯುವಂತಿಲ್ಲ. ರಬ್ಬರಿನ ಗವುಸು ತೊಡಿಸಿ ಕಾಪಾಡಬೇಕು. 1942ರಲ್ಲಿ ಅಮೆರಿಕದವರು ಸೈನ್ಯದ ಲಾರಿಯೊಂದಕ್ಕೆ ಉಕ್ಕಿನ ದೋಣಿಯ ಒಡಲನ್ನು ತೊಡಿಸಿ ಉಭಯಚರ ವಾಹನವನ್ನು ನಿರ್ಮಿಸಿದರು. ಸೈನಿಕರು ಅದನ್ನು 'ಡಕ್', ಎಂದರೆ ಬಾತುಕೋಳಿ, ಎಂದು ಕರೆದರು. ಯುದ್ಧಾನಂತರ ಇಂಥ ಅನೇಕ ವಾಹನಗಳು ಪ್ರವಾಸಿಗರನ್ನು ಹೊತ್ತು ಸರೋವರಗಳಲ್ಲಿ ಸಂಚರಿಸಿದುವು. ಅವುಗಳಲ್ಲೊಂದಾದ 'ಮಿಸ್ ಮೆಜೆಸ್ಟಿಕ್' 1999ರ ಮೇ 1ರಂದು ಅರ್ಕನ್ಸಾ ರಾಜ್ಯದ ಹ್ಯಾಮಿಲ್ಟನ್ ಸರೋವರದಲ್ಲಿ ಮುಳುಗಿ 13 ಮಂದಿ ಮಡಿದರು. ದಂಡದ ಸುತ್ತಲಿನ ರಬ್ಬರಿನ ಗವುಸು ಕಳಚಿದುದೇ ಅದರ ಮೂಲಕಾರಣ. ಮೇಲಿನ ಮಾಡು ಜನರನ್ನು ಹೊರಬರಗೊಡಲಿಲ್ಲ. ನಮ್ಮ ವ್ಯಾನಿಗಂತೂ ಮಾಡಲ್ಲದೆ ಮುಚ್ಚಿದ ಗೋಡೆಗಳೂ ಇವೆ!

ಎರಡನೆಯ ಕಷ್ಟವು ಓಲಾಟದ್ದು. ದೋಣಿಯು ಬಲಕ್ಕೆ ವಾಲಿದಾಗ ಬಲಬದಿ ಹೆಚ್ಚು ಮುಳುಗುತ್ತದೆ. ಅಲ್ಲಿ ನೀರಿನ ಒತ್ತು ಹೆಚ್ಚಿ ದೋಣಿಯನ್ನು ಮತ್ತೆ ನೆಟ್ಟಗಾಗಿಸುತ್ತದೆ. ಈಗ ವ್ಯಾನಿನ ಒಳನೆಲದಲ್ಲಿ 5 ಸೆಂಟಿಮೀಟರು ನೀರು ನಿಂತಿದೆಯೆನ್ನಿ. ಅದರ ತೂಕ 230 ಕಿಲೋಗ್ರಾಂ. ಈ ಭಾರಕ್ಕೆ ವ್ಯಾನು ಮತ್ತೆ 5 ಸೆಂಟಿಮೀಟರು ಮಾತ್ರ ಮುಳುಗೀತು. ಆದರೆ ಬಂಡಿ ಬಲಕ್ಕೆ ವಾಲಿದೊಡನೆ ಒಳಗಿನ ನೀರೂ ಬಲಕ್ಕೇ ಓಡುತ್ತದೆ. ಹೊರಗಿನ ನೀರು ಎತ್ತಿಹಿಡಿದುದನ್ನು ಒಳಗಿನ ನೀರು ಉರುಳಿಸುತ್ತದೆ. ಒಳನೆಲದ ಮಧ್ಯದಲ್ಲಿ ಉದ್ದಕ್ಕೂ ಒಂದು ಅಡ್ಡಗೋಡೆಯನ್ನು ಹಾಕಿದರೆ ಈ ಅಪಾಯವು ನಾಲ್ಕನೆಯ ಒಂದು ಪಾಲಿಗಿಳಿಯುತ್ತದೆ. ನೀರನ್ನು ಹೊರಚೆಲ್ಲುವ ಪಂಪಂತೂ ಇರಲೇಬೇಕು.

ಮೂರನೆಯದು ಚಲನೆ. ಚಕ್ರಗಳು ನೀರಿನಲ್ಲಿ ತಿರುಗಿದರೆ ಸಿಕ್ಕುವ ನೂಕು ಅತ್ಯಲ್ಪ. ಹಿಂಚಕ್ರಗಳಿಗೆ ಶಕ್ತಿಯನ್ನೊಯ್ಯುವ ದಂಡದಿಂದಲೇ ನೀರು ತಳ್ಳುವ ಪಂಖವನ್ನು ತಿರುಗಿಸಬೇಕು. ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರು ಓಡುತ್ತಿದ್ದ 'ಡಕ್' ನೀರಿನಲ್ಲಿ ಸುಮಾರು 10 ಕಿಲೋಮೀಟರನ್ನಷ್ಟೇ ಸಾಗುತ್ತಿತ್ತು. ಎಂದರೆ ಸೆಕೆಂಡಿಗೆ ಮೂರು ಮೀಟರಿಗೂ ಕಡಿಮೆ. ಹೊಳೆಯ ಸೆಳೆತ ಇದಕ್ಕಿಂತ ಹೆಚ್ಚಿದ್ದರೆ ಬಂಡಿ ಹೊಳೆಯ ಇಚ್ಛೆಯಂತೆ ಹೋಗಬೇಕೇ ಹೊರತು ಚಾಲಕನ ಇಚ್ಛೆಯಂತಲ್ಲ.

ಹೊರಗಿನಿಂದ ತೇಲಿಸುವ ಉಪಾಯ

ಒಡಲನ್ನು ಮುಚ್ಚುವ ಗೊಡವೆಯೇ ಬೇಡವೆಂದ ಸಾಹಸಿಗಳೂ ಉಂಟು. 2003ರ ಜುಲೈಯಲ್ಲಿ ಕ್ಯೂಬಾದ 12 ಮಂದಿ 1951ರ ಷೆವ್ರೊಲೆ ಲಾರಿಗೆ ಖಾಲಿ ಪೀಪಾಯಿಗಳನ್ನು ಕಟ್ಟಿ, ಅದರ ದಂಡಕ್ಕೆ ಪಂಖವನ್ನು ಜೋಡಿಸಿ, ಸಮುದ್ರದಲ್ಲಿ ಫ್ಲಾರಿಡಾದ ಕಡೆಗೆ ಹೊರಟರು. ತೀರಕ್ಕೆ ಇನ್ನು ಸುಮಾರು 65 ಕಿಲೋಮೀಟರು ಇರುವಾಗ ಅಮೆರಿಕದ ಕರಾವಳಿ ಕಾವಲಿನವರು ಅವರನ್ನು ತಡೆದು ಲಾರಿಯನ್ನು ಮುಳುಗಿಸಿದರು.

ಈ ಉಪಾಯ ನಮ್ಮ ಹೊಳೆಗಳಿಗೆ ಹೊಸದಲ್ಲ. ಸೇತುವೆಗಳಿಲ್ಲದ ಕಾಲದಲ್ಲಿ ನಮ್ಮ ಕರಾವಳಿಯವರು ಎರಡು ದೋಣಿಗಳನ್ನು ಪಕ್ಕಪಕ್ಕಕ್ಕೆ ಬಿಗಿದು, ಮೇಲೆ ಹಲಗೆ ಹಾಸಿ, ಮೋಟಾರುಗಳನ್ನು ದಾಟಿಸುತ್ತಿದ್ದರು. ಅದರ ಜಾಣ್ಮೆಯಿರುವುದು ಅಗಲದಲ್ಲಿ: ನೀರಿನ ಮಟ್ಟದಲ್ಲಿ ಅಗಲ ಎರಡು ಪಟ್ಟಾದರೆ ಓಲಾಟವನ್ನು ತಡೆಯುವ ಈ ಬಲವು ಎಂಟು ಪಟ್ಟಾಗುತ್ತದೆ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಬಾನಿಯಲ್ಲಿ ತೇಲಿಬಿಟ್ಟು ಬೆರಳಿನಿಂದ ಓಲಾಡಿಸಿ ನೋಡಿರಿ. ಆಮೇಲೆ ಅದರೊಳಗೆ ಒಂದು ಲೋಟ ನೀರು ಹೊಯ್ದು ಮತ್ತೆ ಓಲಾಡಿಸಿರಿ. ಕೊನೆಗೆ ಎರಡು ಡಬ್ಬಿಗಳನ್ನು ಬಿದಿರಿನ ಕಡ್ಡಿಗಳಿಂದ ಒಂದು ಗೇಣು ಅಂತರದಲ್ಲಿ ಜೋಡಿಸಿ ತೇಲಿಸಿರಿ. ಮೂರರ ವ್ಯತ್ಯಾಸವು ನಿಮ್ಮ ಬೆರಳಿಗೇ ತಿಳಿಯುವುದು. ಮುಂದಿನ ಮಳೆಗಾಲದಲ್ಲಿ ರಸ್ತೆಯ ಮೇಲೆ ಹರಿಯುವ ನೀರನ್ನು ಕಂಡು, "ಇಷ್ಟೇ ತಾನೆ, ದಾಟಿಬಿಡೋಣ" ಎಂದು ಯಾರಾದರೂ ಹೊರಟರೆ, ಅವರಿಗೆ 26 ಸೆಂಟಿಮೀಟರಿನ ಲೆಕ್ಕವನ್ನು ಹೇಳಿ ಬಂಡಿಯನ್ನು ನಿಲ್ಲಿಸಿರಿ.