ಅಂಕಿತ ಬಲ್ಲ ಮಕ್ಕಳಿಗೆ ಜಾಲತಾಣದ ಪಾಠ

ವಚನದ ಕೊನೆಯಲ್ಲಿ ‘ಗುಹೇಶ್ವರಾ’ ಎಂದಿದ್ದರೆ ಅದು ಅಲ್ಲಮಪ್ರಭುಗಳದು, ‘ಚೆನ್ನಮಲ್ಲಿಕಾರ್ಜುನಾ’ ಎಂದಿದ್ದರೆ ಅಕ್ಕಮಹಾದೇವಿಯವರದು. ನವಲಗುಂದ, ಕುಂದಗೋಳ, ಅಣ್ಣಿಗೇರಿ ಭಾಗದ ನಮ್ಮ ಮಕ್ಕಳು ವಚನ ಕಂಠಪಾಠ ಮಾಡುವಾಗಲೇ ಇದನ್ನು ಅರಿಯುತ್ತಾರೆ. ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ನಂಬಬೇಡಿರೆಂದು ಅವರನ್ನು ಗದರುವುದಕ್ಕಿಂತ, ಅವರು ಬಲ್ಲ ಈ ಅಂಕಿತದಿಂದಲೇ ಜಾಲತಾಣವನ್ನು ಪರೀಕ್ಷಿಸಲು ಕಲಿಸುವುದು ಲೇಸೆಂದು ನಾವು ಭಾವಿಸುತ್ತೇವೆ.

‘ಕೂಡಲಸಂಗಮದೇವ’ ಬಸವಣ್ಣನವರ ಅಂಕಿತ, ‘ಕೂಡಲಚೆನ್ನಸಂಗಮದೇವ’ ಚೆನ್ನಬಸವಣ್ಣನವರದು. ನಡುವೆ ‘ಚೆನ್ನ’ ಸೇರಿದೊಡನೆ ವಚನಕಾರರೇ ಬೇರೆ. ಜಾಲತಾಣದ ವಿಳಾಸವನ್ನೂ ಹೀಗೆ ಅಕ್ಷರ ಬಿಡದೆ ಓದಬೇಕು. ಬೆಳೆ ವಿಮೆಯಿರಲಿ, ವಿದ್ಯಾರ್ಥಿವೇತನವಿರಲಿ, ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊಬೈಲು ಹಿಡಿದು ಹುಡುಕಿಕೊಡುವವರು ಮಕ್ಕಳೇ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಒಟಿಪಿ ವಂಚಕರ ತಾಣಕ್ಕೆ ಸೇರಿದರೆ ರೈತನ ಒಂದು ವರ್ಷದ ದುಡಿಮೆಯೇ ಹೋದೀತು. ರಾಜ್ಯ ಸರ್ಕಾರದ ಬೆಳೆ ವಿಮೆಯ ‘ಸಂರಕ್ಷಣೆ’ ತಾಣ, ವಿದ್ಯಾರ್ಥಿವೇತನದ ತಾಣ, ಎರಡರ ಹೆಸರೂ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯುತ್ತದೆ. ಆರಂಭದ ಜೋಡಿ ಓರೆಗೆರೆಯನ್ನು ಬಿಟ್ಟು, ಮುಂದಿನ ಮೊದಲ ಓರೆಗೆರೆಯವರೆಗೆ ಓದಿದಾಗ ಕೊನೆಗೆ ಸಿಗುವ ಹೆಸರೇ ತಾಣದ ಅಂಕಿತ. ‘ಗವ್ ಡಾಟ್ ಇನ್’ ನಡುವೆ ಬಂದು ಕೊನೆಗೆ ಬೇರೇನೋ ಇದ್ದರೆ ಅದು ಸರ್ಕಾರದ ತಾಣವಲ್ಲ. ಬೀಗದ ಚಿತ್ರ ಕಂಡಿತೆಂದು ನಂಬುವಂತಿಲ್ಲ. ವಂಚಕರ ತಾಣಕ್ಕೂ ಬೀಗವಿರಬಲ್ಲದು.

ಅಂಕಿತವೊಂದೇ ಸಾಲದೆಂಬುದನ್ನೂ ಮಕ್ಕಳು ತಿಳಿಯಬೇಕು. ತಮಗೆ ತೋಚಿದ ಮಾತಿನ ಕೆಳಗೆ ‘ಕೂಡಲಸಂಗಮದೇವ’ ಎಂದು ಬರೆದು ವಾಟ್ಸಾಪಿನಲ್ಲಿ ಹರಿಬಿಡುವುದು ಯಾರಿಗೂ ಸುಲಭ. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಅವರ ಶ್ರಮದ ಫಲವಾಗಿ ನಮಗಿಂದು ತಾಳೆ ನೋಡಲು ಮೂಲಗಳಿವೆ: ಸರ್ಕಾರ ಪ್ರಕಟಿಸಿದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ವಿದೆ, 20 ಸಾವಿರಕ್ಕೂ ಹೆಚ್ಚು ವಚನಗಳಿರುವ ‘ವಚನ ಸಂಚಯ’ ಜಾಲತಾಣವಿದೆ.

ಮನೆಯಲ್ಲಿ ವಾರಕ್ಕೊಮ್ಮೆ, ಮೊಬೈಲಿಗೆ ಬಂದ ಒಂದು ವಚನವನ್ನು ಮಗುವಿಗೆ ಕೊಟ್ಟು ‘ವಚನ ಸಂಚಯ’ದಲ್ಲಿ ಹುಡುಕಿಸಿರಿ. ಸಿಗದಿದ್ದರೆ ಒಡನೆಯೇ ಸುಳ್ಳೆನ್ನುವುದು ಬೇಡ. ಪ್ರತಿಯಿಂದ ಪ್ರತಿಗೆ ಪಾಠ ಬೇರೆಯಾಗುವುದುಂಟು. ಇನ್ನೊಂದು ಪದದಿಂದ ಹುಡುಕಲಿ, ಮುದ್ರಿತ ಸಂಪುಟವನ್ನೂ ನೋಡಲಿ. ಅಲ್ಲಿಯವರೆಗೆ ಅದನ್ನು ಯಾರಿಗೂ ಕಳುಹಿಸುವುದು ಬೇಡ. ಕಳುಹಿಸಿದವರು ಅಜ್ಜನವರೇ ಆಗಿದ್ದು, ಮೊಮ್ಮಗಳು ‘ಅಜ್ಜಾ, ಇದು ಎಲ್ಲಿಯೂ ಸಿಗಲಿಲ್ಲ’ ಎಂದರೆ ಹಿರಿಯರು ಮುನಿಯದೆ ಗುಂಪಿನಿಂದ ಅದನ್ನು ಅಳಿಸಬೇಕೆಂದು ನಮ್ಮ ವಿನಂತಿ.